ಐಕಿಡೊ ಕೂಡ ಕುಸ್ತಿಯ ನೆಂಟನೇ? ಸಾಸ್ವೆಹಳ್ಳಿಯಿಂದ ಬಂದ ಒಂದು ಪ್ರಶ್ನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಪಸ್ವಲ್ಪ ತಿದ್ದಲಾಗಿದೆ.)

ಈ ವಾರದ ವಿಷಯ ಕೊಟ್ಟವರು ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಒಬ್ಬ ತಂದೆ. ಊರು ಅದು, ಕೆಲಸ ಬೆಂಗಳೂರಿನಲ್ಲಿ. ಅವರ ಮಗಳು ಎಂಟನೇ ಕ್ಲಾಸು. ಒಂದು ವರ್ಷದಿಂದ ಐಕಿಡೊ ಕಲೀತಿದ್ದಾಳೆ. ರಜೆಗೆ ಊರಿಗೆ ಹೋದಾಗ ತನ್ನ ತರಗತಿಯ ವಿಡಿಯೊವನ್ನು ತಾತನಿಗೆ ತೋರಿಸಿದ್ದಾಳೆ. ತಾತ ಹಳೇ ಕಾಲದ ಗರಡಿ ಆಳು. ಎರಡು ನಿಮಿಷ ನೋಡಿ, "ಏನವ್ವಾ, ಅವನು ತಾನಾಗೇ ಬೀಳ್ತಾನಲ್ಲ, ಇದ್ಯಾವ ಕುಸ್ತಿ?" ಅಂದರಂತೆ.

ಈಗ ಅಪ್ಪನ ಪ್ರಶ್ನೆ ಎರಡು. ಒಂದು, ಐಕಿಡೊವನ್ನು ಕುಸ್ತಿ, ಜೂಡೊ ಥರ ಹಿಡಿಯುವ ಕಲೆ ಅಂತ ಕರೆಯಬಹುದಾ? ಎರಡು, ಕರೆಯಲಾಗದಿದ್ದರೆ ಮಗಳನ್ನು ಅದರಿಂದ ಬಿಡಿಸಿ ಕುಸ್ತಿಗೋ ಜೂಡೊಗೋ ಸೇರಿಸಬೇಕಾ? ಅವಳು "ನಂಗೆ ಆತ್ಮರಕ್ಷಣೆ ಗೊತ್ತು" ಅಂತ ಓಡಾಡ್ತಾಳೆ, ಆ ಧೈರ್ಯ ಸುಳ್ಳು ಧೈರ್ಯ ಆಗಿಬಿಟ್ಟರೆ ಅನ್ನೋದು ಅವರ ನಿಜವಾದ ಭಯ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡ್ತೇನೆ. ಪಟ್ಟುಗಳನ್ನು ನೋಡಿದರೆ ಐಕಿಡೊ ಹಿಡಿಯುವ ಕಲೆಯೇ, ಅನುಮಾನ ಬೇಡ. ತಾಲೀಮನ್ನು ನೋಡಿದರೆ ತಾತನ ಮಾತಿನಲ್ಲೂ ಹುರುಳಿದೆ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೆ ಅನ್ನೋದನ್ನ ಇವತ್ತು ನೋಡೋಣ. ನಾನು ಪೈಲ್ವಾನನೂ ಅಲ್ಲ, ಐಕಿಡೊ ಗುರುವೂ ಅಲ್ಲ. ಓದಿ, ನೋಡಿ ತಿಳಿದದ್ದನ್ನು ಹೇಳ್ತಿದ್ದೇನೆ.

ಹೊಡೆಯೋದು, ಹಿಡಿಯೋದು

ಬರಿಗೈ ಕಾಳಗದ ಕಲೆಗಳನ್ನು ಸಾಮಾನ್ಯವಾಗಿ ಎರಡು ಗುಂಪು ಮಾಡ್ತಾರೆ. ಗುದ್ದು, ಒದೆತ ಮುಖ್ಯವಾದವು ಒಂದು ಗುಂಪು. ಬಾಕ್ಸಿಂಗ್, ಕರಾಟೆ, ಟೇಕ್ವಾಂಡೊ ಇದರಲ್ಲಿ ಬರುತ್ತವೆ. ಎದುರಾಳಿಯ ಮೈ ಹಿಡಿದು, ತೂಕ ತಪ್ಪಿಸಿ, ಕೆಡವಿ, ಏಳದಂತೆ ಒತ್ತಿಹಿಡಿಯುವುದು ಇನ್ನೊಂದು ಗುಂಪು. ಕುಸ್ತಿ, ಜೂಡೊ, ಸುಮೊ ಅಲ್ಲಿಗೆ ಸೇರುತ್ತವೆ. ನಮ್ಮ ಕಬಡ್ಡಿಯಲ್ಲಿ ರೈಡರ್‌ನ ಹರಡು, ತೊಡೆ, ಸೊಂಟ ಹಿಡಿದು ನಿಲ್ಲಿಸ್ತಾರಲ್ಲ, ಆ ಕೈಚಳಕವೂ ಇದೇ ಬಳಗದ್ದು.

ಇದೇನು ಹೊಸ ವಿಂಗಡಣೆ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಆಯುಧ ಹಿಡಿದು ಕಾದುವವರಿಗೆ 'ಅಂಕವಿನೋದ' ಅಂತ ಒಂದು ಭಾಗ, ಮಲ್ಲರಿಗೆ 'ಮಲ್ಲವಿನೋದ' ಅಂತ ಬೇರೆಯೇ ಭಾಗ ಇದೆ. ಮಲ್ಲರಲ್ಲೂ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಅಂತ ದರ್ಜೆಗಳು. ನಾವು ಇವತ್ತಿಗೂ ಬಳಸುವ 'ಜಟ್ಟಿ' ಅನ್ನೋ ಪದದ ಬೇರು ಈ ಜ್ಯೇಷ್ಠಿಯಲ್ಲೇ ಇದೆ ಅಂತ ವಿದ್ವಾಂಸರು ಹೇಳ್ತಾರೆ. ಅಂದ್ರೆ ಯಾರು ಯಾವ ಸಾಲಿಗೆ ಸೇರಬೇಕು ಅನ್ನೋ ಚರ್ಚೆ ಈ ನೆಲದಲ್ಲಿ ಒಂಬೈನೂರು ವರ್ಷ ಹಳೇದು.

ಆದರೆ ಗೆರೆ ಎಳೆದ ಕೂಡಲೇ ಅದನ್ನು ದಾಟುವ ಕಲೆಯೂ ಸಿಗುತ್ತೆ. ಮೈಸೂರು ದಸರೆಯ ವಿಜಯದಶಮಿ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ನೋಡಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನಚಾದ ಆಯುಧ ತೊಟ್ಟು ಎದುರಾಗ್ತಾರೆ. ಒಬ್ಬರ ತಲೆಯಿಂದ ರಕ್ತ ಬಂದ ಕೂಡಲೇ ಕಾಳಗ ಮುಗೀತು. ಹಾಗಂತ ಜಟ್ಟಿಗಳು ಬರೀ ಗುದ್ದುವವರಾ? ಅಲ್ಲ. ಅವರು ಪರಂಪರೆಯಿಂದ ಮಲ್ಲರು. ಹಳೆಯ ವಜ್ರಮುಷ್ಟಿಯಲ್ಲಿ ಹೊಡೆತದ ಜೊತೆ ಹಿಡಿತವೂ ಇತ್ತು. ಹಾಗಾಗಿ ಈ ಗುಂಪುಗಳು ಗೋಡೆಗಳಲ್ಲ, ಹೊಲದ ಬದು ಇದ್ದ ಹಾಗೆ. ಗುರುತಿಗೆ ಬೇಕು, ಆದರೆ ದಾಟೋದು ಕಷ್ಟ ಅಲ್ಲ.

ಐಕಿಡೊದ ಮನೆತನ

ಈಗ ಐಕಿಡೊಗೆ ಬರೋಣ. ಇದನ್ನು ಕಟ್ಟಿದವರು ಜಪಾನಿನ ಮೊರಿಹೆ ಉಯೆಶಿಬಾ. ಹುಟ್ಟಿದ್ದು 1883, ತೀರಿಕೊಂಡದ್ದು 1969. ಅವರು 1915ರಲ್ಲಿ ಹೊಕ್ಕಾಯ್ಡೊ ದ್ವೀಪದಲ್ಲಿ ತಕೆಡಾ ಸೊಕಾಕು ಎಂಬ ಗುರುವಿನ ಬಳಿ ದೈತೊ ರ್ಯು ಅನ್ನೋ ಜುಜುತ್ಸು ಪಂಥವನ್ನು ಕಲಿಯಲು ಶುರುಮಾಡಿದರು. ಜುಜುತ್ಸು ಅಂದ್ರೆ ಜಪಾನಿನ ಹಳೆಯ ಯೋಧರ ಕಲೆ. ಹಿಡಿಯೋದು, ಕೀಲು ತಿರುಚೋದು, ಎಸೆಯೋದು, ನೆಲಕ್ಕೊತ್ತೋದು ಅದರ ಮುಖ್ಯ ಅಂಗ. ಈ ವಿದ್ಯೆಯೇ ಮುಂದೆ ಬದಲಾಗುತ್ತಾ ಐಕಿಡೊ ಆಯ್ತು. ಆ ಹೆಸರು ಅಧಿಕೃತವಾಗಿ ನಿಂತದ್ದು 1942ರಲ್ಲಿ. 'ಐ' ಅಂದ್ರೆ ಹೊಂದಿಕೊಳ್ಳೋದು, 'ಕಿ' ಅಂದ್ರೆ ಪ್ರಾಣಶಕ್ತಿ, 'ಡೊ' ಅಂದ್ರೆ ದಾರಿ.

ಜೂಡೊ ಎಲ್ಲಿಂದ ಬಂತು? ಅದೂ ಜುಜುತ್ಸುವಿನಿಂದಲೇ, ಬೇರೆ ಪಂಥಗಳ ಮೂಲಕ. ಜಿಗೊರೊ ಕಾನೊ 1882ರಲ್ಲಿ ತಮ್ಮ ಕೊಡೊಕಾನ್ ಶಾಲೆ ಆರಂಭಿಸಿದರು. ಅಂದ್ರೆ ಐಕಿಡೊ, ಜೂಡೊ ಎರಡೂ ದಾಯಾದಿಗಳು. ಕಾನೊ 1930ರಲ್ಲಿ ಉಯೆಶಿಬಾ ಅವರ ವಿದ್ಯೆ ನೋಡಿ ಮೆಚ್ಚಿ, ತಮ್ಮ ಶಿಷ್ಯರನ್ನೇ ಅಲ್ಲಿಗೆ ಕಲಿಯಲು ಕಳಿಸಿದ್ದರು.

ಪಟ್ಟುಗಳ ಪಟ್ಟಿ ನೋಡಿದರೂ ಇದೇ ಕಾಣುತ್ತೆ. ಐಕಿಡೊದಲ್ಲಿ ಎರಡು ದೊಡ್ಡ ಭಾಗ. 'ನಾಗೆ ವಾಜಾ' ಅಂದ್ರೆ ಎಸೆಯುವ ಪಟ್ಟುಗಳು, 'ಕಟಾಮೆ ವಾಜಾ' ಅಂದ್ರೆ ಬಿಗಿದು ಹಿಡಿಯುವ ಪಟ್ಟುಗಳು. ಇದೇ ಎರಡು ಹೆಸರು ಜೂಡೊದಲ್ಲೂ ಇವೆ. ಹೊಡೆತ ಇಲ್ಲವೇ ಇಲ್ಲ ಅಂತಲ್ಲ. 'ಅತೆಮಿ' ಅಂತ ಇದೆ. ಹೆಚ್ಚಿನ ತರಗತಿಗಳಲ್ಲಿ ಅದರ ಕೆಲಸ ಎದುರಿನವನ ಗಮನ ತಪ್ಪಿಸಿ ಪಟ್ಟಿಗೆ ಜಾಗ ಮಾಡಿಕೊಡೋದು. ಗುದ್ದಿ ಗೆಲ್ಲೋದು ಅದರ ಉದ್ದೇಶ ಅಲ್ಲ.

ಕೆಲವರು ಇಲ್ಲೊಂದು ತಕರಾರು ತೆಗೀತಾರೆ. ಐಕಿಡೊದಲ್ಲಿ ಕುಸ್ತಿ ಥರ ಎದೆಗೆ ಎದೆ ಕೊಟ್ಟು ಸೆಣಸೋದಿಲ್ಲ, ಕಾಲಿಗೆ ಕೈ ಹಾಕೋದಿಲ್ಲ, ನೆಲದ ಮೇಲೆ ಹೊರಳಾಡಿ ಹೋರಾಡೋದಿಲ್ಲ, ಹಾಗಾಗಿ ಇದು ಹಿಡಿಯುವ ಕಲೆ ಅಲ್ಲ ಅಂತ. ಈ ಅಳತೆಗೋಲು ಹಿಡಿದರೆ ಬೇರೆಯವೂ ಉದುರಿಹೋಗ್ತವೆ. ಕರ್ನಾಟಕದ ಅರ್ಜುನ್ ಹಲಕುರ್ಕಿ 2020ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 55 ಕೆ.ಜಿ. ವಿಭಾಗದ ಕಂಚು ಗೆದ್ದದ್ದು ಗ್ರೀಕೋ ರೋಮನ್ ಶೈಲಿಯಲ್ಲಿ. ಅದರಲ್ಲಿ ಸೊಂಟದ ಕೆಳಗೆ ಹಿಡಿಯೋ ಹಾಗೇ ಇಲ್ಲ. ಅದನ್ನು ಕುಸ್ತಿ ಅಲ್ಲ ಅಂತೀವಾ? ಒಲಿಂಪಿಕ್ ಕುಸ್ತಿಯಲ್ಲಿ ಕೀಲು ತಿರುಚುವಂತಿಲ್ಲ, ಕತ್ತು ಹಿಸುಕುವಂತಿಲ್ಲ. ಜೂಡೊ ಪಂದ್ಯದಲ್ಲಿ ಕೀಲುಪಟ್ಟು ಮೊಣಕೈಗೆ ಮಾತ್ರ. ಸುಮೊದಲ್ಲಿ ನೆಲಕ್ಕೆ ಬಿದ್ದರೆ ಅಲ್ಲಿಗೇ ಆಟ ಮುಗೀತು. ಪ್ರತಿಯೊಂದು ಕಲೆಯೂ ಏನನ್ನೋ ಬಿಟ್ಟೇ ಬೆಳೆದಿದೆ. ಒಂದು ಪಟ್ಟು ಇಲ್ಲ ಅಂದ ಮಾತ್ರಕ್ಕೆ ಕುಲದಿಂದ ಹೊರಗೆ ಹಾಕೋಕಾಗಲ್ಲ.

ಅಂಗಾತವೋ, ಬೋರಲೋ?

ಹಾಗಾದ್ರೆ ಕುಸ್ತಿಗೂ ಐಕಿಡೊಗೂ ನಿಜವಾದ ವ್ಯತ್ಯಾಸ ಎಲ್ಲಿದೆ? ಪಟ್ಟು ಮುಗಿದಾಗ ಕೆಳಗೆ ಬಿದ್ದವನ ಮುಖ ಯಾವ ಕಡೆ ಇದೆ ಅಂತ ನೋಡಿ.

ಕುಸ್ತಿಯಲ್ಲಿ ಚಿತ್ ಮಾಡಬೇಕು. ಎರಡೂ ಭುಜ ನೆಲಕ್ಕೆ ತಾಗಬೇಕು, ಬೆನ್ನಿಗೆ ಮಣ್ಣು ಹತ್ತಬೇಕು, ಮುಖ ಆಕಾಶಕ್ಕೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಗಾದೆ ಈ ಕಣದ್ದೇ. ಅಂಗಾತ ಬಿದ್ದವನ ಮೀಸೆಗೆ ಮಣ್ಣು ಹೇಗೆ ಹತ್ತಬೇಕು ಹೇಳಿ? ಸೋತವನು ಆ ನೆಪದಲ್ಲಿ ಮಾನ ಉಳಿಸಿಕೊಳ್ತಾನೆ.

ಐಕಿಡೊದಲ್ಲಿ ತದ್ವಿರುದ್ಧ. ಅದರ ಬಿಗಿಹಿಡಿತಗಳು ಬಹುಪಾಲು ಎದುರಾಳಿಯನ್ನು ಬೋರಲು ಮಲಗಿಸಿ, ತೋಳನ್ನು ಚಾಚಿಸಿ, ಮೊಣಕೈ, ಭುಜ ಅಲ್ಲಾಡದಂತೆ ಒತ್ತುವಲ್ಲಿ ಮುಗೀತವೆ. ಇಲ್ಲಿ ಮಾತ್ರ ಮೀಸೆ ಮಣ್ಣಾಗೋದು ಗ್ಯಾರಂಟಿ.

ಯಾಕೆ ಹೀಗೆ? ಎರಡೂ ಕಲೆಗಳು ಬೇರೆ ಬೇರೆ ಪ್ರಶ್ನೆಗೆ ಉತ್ತರ ಹುಡುಕಿದವು. ಕುಸ್ತಿ ಕೇಳೋದು, ಒಂದೇ ಕಣದಲ್ಲಿ, ಒಪ್ಪಿಕೊಂಡ ನಿಯಮದಲ್ಲಿ, ಇಬ್ಬರಲ್ಲಿ ಮೇಲು ಯಾರು ಅಂತ. ಬೆನ್ನು ನೆಲಕ್ಕೆ ತಾಗಿಸೋದು ಊರೆಲ್ಲ ನೋಡಿ ಒಪ್ಪಬಹುದಾದ ತೀರ್ಪು. ಐಕಿಡೊ ಕೇಳೋದು, ಎದುರಿನವನ ಕೈಯಲ್ಲಿ ಆಯುಧ ಇದ್ದರೆ ಏನು ಮಾಡ್ತೀಯ ಅಂತ. ಆಗ ಮುಖ್ಯವಾಗೋದು ಬೆನ್ನಲ್ಲ, ಕೈ. ಐಕಿಡೊ ಅಭ್ಯಾಸದಲ್ಲಿ ಮಣಿಕಟ್ಟು ಹಿಡಿಯುವ ದಾಳಿ ಅಷ್ಟೊಂದು ಯಾಕಿದೆ ಅಂತ ಕೇಳಿದರೆ ಶಿಕ್ಷಕರು ಹೇಳುವ ವಿವರಣೆ ಇದು: ಸೊಂಟದಲ್ಲಿ ಕತ್ತಿ ಇದ್ದ ಕಾಲದಲ್ಲಿ ಅದನ್ನು ಒರೆಯಿಂದ ಎಳೆಯದಂತೆ ತಡೆಯೋಕೆ ಮೊದಲು ಹಿಡಿಯುತ್ತಿದ್ದದ್ದೇ ಆ ಕೈಯನ್ನ. ಬೋರಲು ಮಲಗಿಸಿ ತೋಳು ಬಿಗಿದರೆ ಚಾಕು ಕಿತ್ತುಕೊಳ್ಳಬಹುದು, ಬೇಡಿ ಹಾಕಬಹುದು. ಟೋಕಿಯೊದಲ್ಲಿ ದಂಗೆ ನಿಗ್ರಹ ಪೊಲೀಸರು ಐಕಿಡೊದ ಯೋಶಿಂಕಾನ್ ಶಾಖೆಯಲ್ಲಿ ತಿಂಗಳುಗಟ್ಟಲೆ ತರಬೇತಿ ಪಡೆಯೋದು ಇದಕ್ಕೇ.

ಇನ್ನೊಂದು ವ್ಯತ್ಯಾಸ ಬಲಕ್ಕೆ ಎದುರಾಗುವ ರೀತಿಯಲ್ಲಿದೆ. ಹೊನ್ನಾಳಿ, ಶಿಕಾರಿಪುರ, ಹಾವೇರಿ ಕಡೆಯವರಿಗೆ ಇದನ್ನು ಹೇಳೋದು ಸುಲಭ. ದೀಪಾವಳಿ ಆದಮೇಲೆ ಹೋರಿ ಬೆದರಿಸುವ ಹಬ್ಬ ನಡೆಯುತ್ತಲ್ಲ, ಓಡಿ ಬರೋ ಹೋರಿಗೆ ಎದೆ ಕೊಟ್ಟು ನಿಲ್ಲೋರು ಯಾರೂ ಇಲ್ಲ. ಪಳಗಿದ ಹುಡುಗರು ಪಕ್ಕಕ್ಕೆ ಸರಿದು, ಅದರ ಓಟದ ಜೊತೆಗೇ ಓಡಿ, ಬದಿಯಿಂದ ಹಿಡೀತಾರೆ. ಐಕಿಡೊದ ಮೂಲ ಹೆಜ್ಜೆಯೂ ಇಷ್ಟೇ. ದಾಳಿಯ ಗೆರೆಯಿಂದ ಸರಿ, ಅದರ ದಿಕ್ಕಿಗೇ ತಿರುಗು, ಆಮೇಲೆ ಹಿಡಿ. ಪೈಲ್ವಾನರಿಗೂ ಈ ಗುಟ್ಟು ಗೊತ್ತು. ನೂಕುವವನನ್ನು ಎಳೆ, ಎಳೆಯುವವನನ್ನು ನೂಕು ಅನ್ನೋದು ಮಟ್ಟಿಯ ಮೊದಲ ಪಾಠ. ಐಕಿಡೊ ಅದನ್ನೇ ಇಡೀ ಕಲೆಯ ಬೆನ್ನೆಲುಬು ಮಾಡಿಕೊಂಡಿತು.

ತಾತ ಕಂಡದ್ದು ಏನು?

ಈಗ ತಾತನ ಮಾತಿಗೆ ಬರೋಣ. "ಅವನು ತಾನಾಗೇ ಬೀಳ್ತಾನಲ್ಲ." ಇದು ಬರೀ ಗೇಲಿ ಅಲ್ಲ. ಮಟ್ಟಿಯಲ್ಲಿ ಬೆವರು ಸುರಿಸಿದ ಕಣ್ಣು ಸರಿಯಾದ ಜಾಗವನ್ನೇ ಗುರುತಿಸಿದೆ.

ಉದಾಹರಣೆಗೆ 'ಕೊತೆ ಗಾಯೆಶಿ' ಅನ್ನೋ ಪಟ್ಟು ತಗೊಳ್ಳಿ. ಎದುರಾಳಿಯ ಅಂಗೈಯನ್ನು ಅವನ ಮುಂಗೈ ಕಡೆಗೇ ಮಡಿಚಿ ಹೊರಕ್ಕೆ ತಿರುಗಿಸ್ತಾರೆ. ಮಣಿಕಟ್ಟು ಒಂದು ಮಿತಿಯವರೆಗೆ ಮಾತ್ರ ತಿರುಗುತ್ತೆ. ಆಮೇಲೆ ಮೊಣಕೈ, ಅದರ ಹಿಂದೆ ಭುಜ, ಅದರ ಹಿಂದೆ ಸೊಂಟ ತಿರುಗಲೇಬೇಕು. ತಿರುಗದಿದ್ದರೆ ಮಣಿಕಟ್ಟಿಗೆ ಪೆಟ್ಟು. ಹಾಗಾಗಿ ಕಲಿತವರು ಕೀಲು ಉಳಿಸಿಕೊಳ್ಳೋಕೆ ತಾವೇ ಉರುಳಿ ಬೀಳ್ತಾರೆ. ಈ ಬೀಳುವ ವಿದ್ಯೆಗೆ 'ಉಕೆಮಿ' ಅಂತ ಹೆಸರು. ಹೊರಗಿನಿಂದ ನೋಡಿದವರಿಗೆ ಇದು ನಾಟಕದ ಹಾಗೆ ಕಾಣುತ್ತೆ. ನಾಟಕ ಅಲ್ಲ, ಗಾಯ ಆಗದೆ ಸಾವಿರ ಸಲ ಅಭ್ಯಾಸ ಮಾಡೋಕೆ ಇರುವ ವ್ಯವಸ್ಥೆ.

ಆದರೆ ಇದಕ್ಕೊಂದು ಬೆಲೆ ಇದೆ. ಬೀದಿಯಲ್ಲಿ ಕೈ ಹಿಡಿದವನು ಈ ಒಪ್ಪಂದಕ್ಕೆ ಸಹಿ ಹಾಕಿರೋದಿಲ್ಲ. ಅವನು ಕೈ ಎಳ್ಕೊಳ್ತಾನೆ, ಮೈಮೇಲೆ ಬೀಳ್ತಾನೆ, ಇನ್ನೊಂದು ಕೈಯಲ್ಲಿ ಕೂದಲು ಹಿಡೀತಾನೆ. ಆಗ ಪಟ್ಟು ಕೂರುತ್ತಾ ಇಲ್ವಾ ಅಂತ ತಿಳಿಯೋಕೆ ಒಂದೇ ದಾರಿ, ಸೋಲೋಕೆ ಇಷ್ಟ ಇಲ್ಲದವರ ಜೊತೆ ಅಭ್ಯಾಸ. ಗರಡಿಯಲ್ಲಿ ಅದು ದಿನನಿತ್ಯದ ತಾಲೀಮು. ವಸ್ತಾದರು ಜೋಡಿ ಬಿಟ್ಟರೆ ಎದುರಿನವನು ಗೆಳೆಯನೇ ಆದರೂ ಬಗ್ಗೋದಿಲ್ಲ. ಪಟ್ಟು ತಪ್ಪಿದರೆ ಅದೇ ಕ್ಷಣ ಬೆನ್ನಿಗೆ ಮಣ್ಣು. ಜೂಡೊದಲ್ಲೂ ಹೀಗೆ. ಐಕಿಡೊದ ಅತಿ ದೊಡ್ಡ ಶಾಖೆ ಐಕಿಕಾಯ್‌ನಲ್ಲಿ ಪಂದ್ಯಗಳೇ ಇಲ್ಲ. ಗೆಲುವು ಸೋಲಿನ ಆಸೆ ಈ ದಾರಿಗೆ ಸಲ್ಲದು ಅನ್ನೋದು ಉಯೆಶಿಬಾ ಅವರ ನಿಲುವಾಗಿತ್ತು.

ಈ ಕೊರತೆಯನ್ನು ಐಕಿಡೊದವರೇ ಒಬ್ಬರು ಮೊದಲು ಕಂಡರು ಅನ್ನೋದು ಕುತೂಹಲದ ವಿಷಯ. ಕೆಂಜಿ ತೊಮಿಕಿ, ಕಾನೊ ಅವರ ಜೂಡೊ ಶಿಷ್ಯರೂ ಹೌದು, ಉಯೆಶಿಬಾ ಅವರ ಶಿಷ್ಯರೂ ಹೌದು. ಎದುರಾಳಿ ನಿಜವಾಗಿ ತಡೆಯದಿದ್ದರೆ ವಿದ್ಯೆ ಮೊಂಡಾಗುತ್ತೆ ಅನ್ನೋದು ಅವರ ವಾದ. 1958ರಲ್ಲಿ ಟೋಕಿಯೊದ ವಸೇಡಾ ವಿಶ್ವವಿದ್ಯಾಲಯದಲ್ಲಿ ಐಕಿಡೊ ಕ್ಲಬ್ ಆರಂಭಿಸಿ, ಪಂದ್ಯದ ಪದ್ಧತಿ ಬೆಳೆಸಿದರು. ಒಬ್ಬರ ಕೈಯಲ್ಲಿ ಮೆತ್ತನೆಯ ಚಾಕು, ಇನ್ನೊಬ್ಬರು ಬರಿಗೈ. ಚಾಕು ಹಿಡಿದವರು ನಿಜವಾಗಿಯೇ ತಿವಿಯೋಕೆ ನೋಡ್ತಾರೆ, ಬರಿಗೈಯವರು ತಪ್ಪಿಸಿಕೊಂಡು ಪಟ್ಟು ಹಾಕಬೇಕು. ಅರ್ಧ ಸಮಯ ಆದಮೇಲೆ ಪಾತ್ರ ಅದಲುಬದಲು. ಈ ಶಾಖೆ ಇವತ್ತಿಗೂ ಇದೆ. ಒಂದೇ ಪಟ್ಟುಗಳು, ತಾಲೀಮು ಮಾತ್ರ ಬೇರೆ. ಇಂಥ ಪಂದ್ಯ ನೋಡಿದ್ದರೆ ತಾತ "ತಾನಾಗೇ ಬೀಳ್ತಾನೆ" ಅಂತ ಅನ್ನುತ್ತಿರಲಿಲ್ಲ ಅನ್ಸುತ್ತೆ.

ಅಂದ್ರೆ, ಯಾವ ಸಾಲಿಗೆ ಸೇರುತ್ತೆ ಅನ್ನೋದನ್ನ ಪಟ್ಟು ಹೇಳುತ್ತೆ. ಬೇಕಾದಾಗ ಕೈಗೆ ಬರುತ್ತಾ ಅನ್ನೋದನ್ನ ತಾಲೀಮು ಹೇಳುತ್ತೆ. ಮಗಳು ಕಲೀತಿರೋದು ಹಿಡಿಯುವ ಕಲೆ ಅಂತ ಅಪ್ಪ ಧೈರ್ಯವಾಗಿ ಹೇಳಬಹುದು. ಹಿಡಿಯುವ ಕಲೆ ಆದ್ದರಿಂದ ಕುಸ್ತಿಯಷ್ಟೇ ಗಟ್ಟಿ ಅಂತ ಮಾತ್ರ ಹೇಳಬಾರದು. ಆ ಎರಡನೇ ಮಾತು ಮೊದಲನೆಯದರಿಂದ ಹುಟ್ಟೋದಿಲ್ಲ.

ಹಾಗಾದ್ರೆ ಬಿಡಿಸಬೇಕಾ?

ಇದು ಮಗಳಿಗೆ ಏನು ಬೇಕು ಅನ್ನೋದರ ಮೇಲಿದೆ. ಪಂದ್ಯ, ಪದಕ, ಕ್ರೀಡಾ ಕೋಟಾ, ಇವು ಮನಸ್ಸಿನಲ್ಲಿದ್ದರೆ ಕುಸ್ತಿ ಅಥವಾ ಜೂಡೊ ಸರಿಯಾದ ದಾರಿ. ಎರಡೂ ಒಲಿಂಪಿಕ್ ಕ್ರೀಡೆಗಳು. ಮಹಿಳಾ ಕುಸ್ತಿ 2004ರ ಅಥೆನ್ಸ್‌ನಿಂದ ಒಲಿಂಪಿಕ್ಸ್‌ನಲ್ಲಿದೆ, 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದರು. ಐಕಿಡೊಗೆ ಆ ಮೆಟ್ಟಿಲುಗಳಿಲ್ಲ. ಅಲ್ಲಿ ಮೇಲೇರೋದು ಪರೀಕ್ಷೆ, ದರ್ಜೆಗಳ ಮೂಲಕ.

ಬೀಳೋದನ್ನ ಕಲಿಯಬೇಕು, ಮೈಗೆ ಸಮತೋಲ ಬರಬೇಕು, ಹೆದರಿದಾಗ ಮರಗಟ್ಟದೆ ಹೆಜ್ಜೆ ಕದಲಿಸಬೇಕು ಅಂದ್ರೆ ಐಕಿಡೊ ಒಳ್ಳೆಯ ಶಾಲೆ. ಬೀಳುವ ವಿದ್ಯೆಯನ್ನು ಹಗುರವಾಗಿ ಕಾಣಬೇಡಿ. ಜೀವಮಾನದಲ್ಲಿ ಒಮ್ಮೆಯೂ ಜಗಳ ಆಡದವರೂ ಪಾಚಿ ಕಟ್ಟಿದ ತೋಟದಲ್ಲಿ, ಗದ್ದೆಯ ಬದುವಿನ ಮೇಲೆ, ಬೈಕಿನಿಂದ ಬಿದ್ದೇ ಬೀಳ್ತಾರೆ. ಐಕಿಡೊವನ್ನು ಅರವತ್ತರ ನಂತರವೂ ಮುಂದುವರಿಸಿದವರಿದ್ದಾರೆ. ಮಟ್ಟಿಗೆ ಇಳಿದು ಸೆಣಸೋಕೆ ಆ ವಯಸ್ಸಿನಲ್ಲಿ ಮೈ ಬಿಡೋದಿಲ್ಲ.

ಆತ್ಮರಕ್ಷಣೆಯೇ ಮುಖ್ಯ ಅಂದ್ರೆ ಮೂರು ವಿಷಯ ಗಮನಿಸಿ. ತರಗತಿಗೆ ಹೋಗಿ ಒಂದು ಗಂಟೆ ಕೂತು ನೋಡಿ. ಮೊದಲನೆಯದು, ಕಲಿತವರಿಗೆ ಸಂಗಾತಿಗಳು ಹಂತಹಂತವಾಗಿ ಬಿಗಿ ಹೆಚ್ಚಿಸಿ ತಡೆ ಒಡ್ತಾರಾ, ಇಲ್ಲ ವರ್ಷಗಟ್ಟಲೆ ಅದೇ ಸಲೀಸಾದ ಬೀಳಾಟವಾ? ಎರಡನೆಯದು, ಪಟ್ಟು ಕೂರದಿದ್ದಾಗ ಗುರುಗಳು ಏನು ಮಾಡ್ತಾರೆ? ಮುಂದಿನ ಹೆಜ್ಜೆ ತೋರಿಸಿದರೆ ಒಳ್ಳೇದು. ತಡೆದ ವಿದ್ಯಾರ್ಥಿಯನ್ನೇ ಗದರಿದರೆ ಯೋಚಿಸಿ. ಮೂರನೆಯದು, ನೋವಾಗಿ ಕೈ ತಟ್ಟಿದ ಕೂಡಲೇ ಹಿಡಿತ ಬಿಡ್ತಾರಾ? ಇದರಲ್ಲಿ ರಾಜಿ ಬೇಡ, ಬೆಳೆಯುವ ಮಕ್ಕಳ ಮಣಿಕಟ್ಟು, ಮೊಣಕೈ ಅದು.

ಈ ಪ್ರಶ್ನೆಗಳನ್ನು ಐಕಿಡೊಗೆ ಮಾತ್ರ ಕೇಳಬೇಡಿ. ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣದಡಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಮೂರು ತಿಂಗಳ ಆತ್ಮರಕ್ಷಣಾ ತರಬೇತಿ ಇದೆ. ಒಳ್ಳೆಯ ಆರಂಭ ಅದು. ಆದರೆ ಮೂರು ತಿಂಗಳಲ್ಲಿ ಯಾವ ಕಲೆಯೂ ಕೈ ಹತ್ತೋದಿಲ್ಲ, ಕರಾಟೆಯಾಗಲಿ ಕುಸ್ತಿಯಾಗಲಿ. ಯಾವ ಕಲೆ ಕಲಿತರೂ ಮಕ್ಕಳಿಗೆ ಹೇಳಬೇಕಾದ ಮೊದಲ ಪಾಠ ಒಂದೇ: ಕೂಗು, ಓಡು, ಜನ ಇರೋ ಕಡೆ ಹೋಗು, 112ಕ್ಕೆ ಕರೆ ಮಾಡು. ಹಿಡಿದ ಕೈಯಿಂದ ಬಿಡಿಸಿಕೊಳ್ಳೋದು ಓಡೋಕೆ, ಹೋರಾಡೋಕೆ ಅಲ್ಲ. ಚಾಕು ಕಂಡರೆ ಪಟ್ಟಿನ ಯೋಚನೆಯೇ ಬೇಡ.

ಸಾಸ್ವೆಹಳ್ಳಿಯ ಆ ತಂದೆಗೆ ನನ್ನ ಸಲಹೆ, ಅವಸರದಲ್ಲಿ ಬಿಡಿಸಬೇಡಿ. ಬೀಳೋದು ಕಲಿತ ಹುಡುಗಿ ಮುಂದೆ ಜೂಡೊ, ಕುಸ್ತಿ ಎರಡಕ್ಕೂ ಸಲೀಸಾಗಿ ಹೋಗಬಲ್ಲಳು. ಹತ್ತಿರದಲ್ಲಿ ಜೂಡೊ ತರಗತಿ ಇದ್ದರೆ ವಾರಕ್ಕೊಂದು ದಿನ ಕಳಿಸಿ ನೋಡಿ. ಎದುರಿನವರು ತಡೆದಾಗ ತನ್ನ ಪಟ್ಟು ಎಷ್ಟು ನಿಲ್ಲುತ್ತೆ ಅಂತ ಅವಳಿಗೇ ಗೊತ್ತಾಗುತ್ತೆ. ನೀವು ಹೇಳಿದರೆ ಅದು ಉಪದೇಶ, ಅವಳೇ ಕಂಡುಕೊಂಡರೆ ಅದು ವಿದ್ಯೆ.

ಇವತ್ತಿನ ಮಾತು ಇಷ್ಟು. ನಿಮ್ಮೂರಿನ ಗರಡಿ ಮನೆ ಈಗಲೂ ನಡೀತಿದೆಯಾ, ಹೆಣ್ಣುಮಕ್ಕಳು ಅಲ್ಲಿ ಕಲೀತಿದ್ದಾರಾ? ಧ್ವನಿ ಸಂದೇಶ ಕಳಿಸಿ. ಆಯ್ದ ಕೆಲವನ್ನು ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೇವೆ.